4 ಮಿಲಿಮೀಟರ್ ಚುಕ್ಕೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಎರಡು ವರ್ಷವಾದ ಟೀಚರ್ ಒಬ್ಬರು ವಿಜಯನಗರದಿಂದ ಬಂದಿದ್ದರು. ಸಿಟಿ ಸ್ಕ್ಯಾನ್ ರಿಪೋರ್ಟ್ ಹಿಂದಿನ ರಾತ್ರಿಯೇ ಮೊಬೈಲಿಗೆ ಬಂದಿತ್ತು. ಮಗ ಪ್ರಿಂಟ್ ತೆಗೆಸಿದ್ದ. ಕೊನೆಯ ಸಾಲಿನ ಕೆಳಗೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು, ಹಾಳೆ ಹರಿಯುವಷ್ಟು ಒತ್ತಿ. ಬಲ ಶ್ವಾಸಕೋಶದಲ್ಲಿ 4 ಮಿ.ಮೀ. ನಾಡ್ಯೂಲ್ (ಚುಕ್ಕೆಯಂಥ ಸಣ್ಣ ಗಂಟು), ಇಂಡಿಟರ್ಮಿನೇಟ್, ಫಾಲೋ ಅಪ್ ಬೇಕು.

‘ಡಾಕ್ಟ್ರೇ, ವಾಪಸ್ ಬಂದಿದೆಯಾ ಇಲ್ವಾ? ಒಂದೇ ಮಾತಲ್ಲಿ ಹೇಳಿಬಿಡಿ’ ಅಂದರು.

ಒಂದೇ ಮಾತಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಅಂತಲ್ಲ. 4 ಮಿ.ಮೀ. ಅಂದರೆ ಒಂದು ಹೆಸರುಕಾಳಿನಷ್ಟು. ಅಷ್ಟು ಚಿಕ್ಕದನ್ನು ಬರೀ ಚಿತ್ರ ನೋಡಿ ಇದು ಇಂಥದ್ದೇ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಎಂದೋ ಬಂದು ವಾಸಿಯಾದ ಟಿಬಿಯ ಕಲೆ ಇರಬಹುದು, ನಮ್ಮಲ್ಲಿ ಅದು ಜಾಸ್ತಿ. ಹಳೇ ಸೋಂಕಿನ ಗುರುತಿರಬಹುದು. ಕ್ಯಾನ್ಸರೂ ಇರಬಹುದು. ‘ಇಂಡಿಟರ್ಮಿನೇಟ್’ ಎಂದರೆ ಇಷ್ಟೇ: ಇವತ್ತು ಗೊತ್ತಾಗುತ್ತಿಲ್ಲ. ಅದು ಕೆಟ್ಟ ಸುದ್ದಿಗೆ ಇಟ್ಟ ಮೆದು ಹೆಸರಲ್ಲ.

‘ಹಾಗಾದರೆ ಸೂಜಿ ಹಾಕಿ ನೋಡಿ’ ಅನ್ನುತ್ತಾರೆ. ಶ್ವಾಸಕೋಶ ಪ್ರತಿ ಉಸಿರಿಗೂ ಅಲುಗಾಡುತ್ತದೆ. ಹೆಸರುಕಾಳಿಗೆ ಸೂಜಿ ಸರಿಯಾಗಿ ತಾಗುವುದು ಕಷ್ಟ. ಸೂಜಿ ಚುಚ್ಚಿದ ಕಡೆ ಗಾಳಿ ಸೋರಿ ಶ್ವಾಸಕೋಶ ಕುಸಿಯಲೂಬಹುದು. ಪೆಟ್ ಸ್ಕ್ಯಾನ್ ಮಾಡಿಸೋಣವೇ? 8 ಮಿ.ಮೀ.ಗಿಂತ ಚಿಕ್ಕದರಲ್ಲಿ ಅದರ ಮಾತನ್ನು ಅಷ್ಟು ನಂಬುವ ಹಾಗಿಲ್ಲ. ಇನ್ನೊಂದು ವಿಷಯ ಇದೆ. ಪೆಟ್ ಸ್ಕ್ಯಾನ್ ಹುಡುಕುವುದು ಕ್ಯಾನ್ಸರನ್ನಲ್ಲ, ಸಕ್ಕರೆ ಜಾಸ್ತಿ ಎಳೆದುಕೊಳ್ಳುವ ಜಾಗವನ್ನು. ಟಿಬಿ ಗಡ್ಡೆ, ಮಾಯುತ್ತಿರುವ ಗಾಯ, ರೇಡಿಯೇಷನ್ ಕೊಟ್ಟ ಜಾಗ, ಎಲ್ಲವೂ ಹೊಳೆಯುತ್ತವೆ. ತೋಳಿಗೆ ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಕಂಕುಳಿನ ಗಂಟೂ ಹೊಳೆಯಬಹುದು. ಅದಕ್ಕೇ ರೇಡಿಯೇಷನ್ ಮುಗಿದ ಮೇಲೆ ಸಾಮಾನ್ಯವಾಗಿ 3 ತಿಂಗಳು ಬಿಟ್ಟು ಪೆಟ್ ಮಾಡಿಸುತ್ತೇವೆ.

ಇಂಥ ಚುಕ್ಕೆಗೆ 3 ತಿಂಗಳು ಕಾದು ಮತ್ತೆ ಸಿಟಿ ಸ್ಕ್ಯಾನ್ ಮಾಡಿಸೋಣ ಅಂದಾಗ ಜನರಿಗೆ ಕೇಳಿಸುವುದು ‘ಸುಮ್ನೆ ಕೂತಿರಿ’ ಅಂತ. ಆದರೆ ಕಾಯುವುದೂ ಒಂದು ಪರೀಕ್ಷೆಯೇ. ಉಂಡೆಯಂಥ ಚುಕ್ಕೆಯ ಅಡ್ಡಳತೆ 4ರಿಂದ 5 ಮಿ.ಮೀ. ಆದರೆ ಅದರ ಘನಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ ಎಂದರ್ಥ. ಆದರೆ ಅಳತೆಯಲ್ಲೇ 1 ಮಿ.ಮೀ. ಆಚೀಚೆ ಆಗುವುದುಂಟು. ಎರಡೇ ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿದರೆ ಬೆಳೆದಿದೆಯೋ, ಅಳತೆ ತಪ್ಪಿದೆಯೋ ತಿಳಿಯುವುದಿಲ್ಲ. ದುಡ್ಡೂ ಹೋಯಿತು, ಮತ್ತೆ ಅದೇ ಪ್ರಶ್ನೆ.

ಟೀಚರ್ ಹತ್ತಿರ ನಾನು ಕೇಳಿದ್ದು, ‘ಹಳೇ ಸೀಡಿ ಇದೆಯಾ?’ ಮಗ ಮನೆಯಲ್ಲಿ ಹುಡುಕಿದ. ಅಟ್ಟದ ಮೇಲೆ, ಸೀರೆಯ ಡಬ್ಬದಲ್ಲಿ, ಚಿಕಿತ್ಸೆಗೆ ಮುಂಚಿನ ಸ್ಕ್ಯಾನ್ ಸಿಕ್ಕಿತು. ರೇಡಿಯಾಲಜಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಚುಕ್ಕೆ ಆಗಲೂ ಅಲ್ಲೇ ಇತ್ತು, ಅಷ್ಟೇ ಇತ್ತು. ಆಗಿನ ರಿಪೋರ್ಟಿನಲ್ಲಿ ಬರೆದಿರಲಿಲ್ಲ ಅಷ್ಟೇ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಬೆಳೆಯದ ಚುಕ್ಕೆ ದೊಡ್ಡ ಸಮಾಧಾನ. ದಯವಿಟ್ಟು ಹಳೇ ಫಿಲ್ಮು, ಸೀಡಿ ಎಸೆಯಬೇಡಿ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕಡೆ ಸ್ಕ್ಯಾನ್ ಮಾಡಿಸಿ.

ಎಲ್ಲರಿಗೂ ಹಾಗೆ ಸೀಡಿ ಸಿಗುವುದಿಲ್ಲ. ಚಿಂತಾಮಣಿ ಕಡೆಯ ಒಬ್ಬ ರೈತರು, ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರು, ಇಂಥದ್ದೇ ಚುಕ್ಕೆ ಕಂಡು ಈಗಲೂ ಕಾಯುತ್ತಿದ್ದಾರೆ. ಮಗಳು ಕಾರಿಡಾರಿನಲ್ಲಿ ನನ್ನ ತಡೆದು, ‘ಅಪ್ಪನಿಗೆ ಹೇಳಬೇಡಿ, ಕುಸಿದು ಹೋಗ್ತಾರೆ’ ಅಂದಳು. ಅವಳ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಅವಳನ್ನು ಒಪ್ಪಿಸಿ, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದೆ. ಅವರು ಮಗಳ ಕಡೆ ತಿರುಗಿ, ‘ನೀನು ಅನ್ನದ ತಟ್ಟೆ ಇಡುವಾಗ ಮುಖ ನೋಡ್ತಿರಲಿಲ್ಲ. ನಂಗೆ ಅವತ್ತೇ ಗೊತ್ತಾಯ್ತು’ ಅಂದರು. ಮುಚ್ಚಿಟ್ಟಾಗ ರೋಗಿ ಒಬ್ಬರೇ ಹೆದರುತ್ತಾರೆ, ಅಷ್ಟೇ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೆಮ್ಮಿನಲ್ಲಿ ರಕ್ತ, ಏರುತ್ತಿರುವ ಉಸಿರಾಟದ ತೊಂದರೆ, ರಾತ್ರಿ ಎಬ್ಬಿಸುವ ಮೂಳೆ ನೋವು, ಹೊಸದಾಗಿ ಶುರುವಾಗಿ ಬಿಡದ ತಲೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ತಾರೀಕು ಕಾಯಬೇಡಿ. ಇಲ್ಲದಿದ್ದರೆ ಮದುವೆಗೆ ಹೋಗಿ, ಹೊಲಕ್ಕೆ ಹೋಗಿ. ಅದರಿಂದ ಚುಕ್ಕೆ ಬೆಳೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಗೂಗಲ್ ತೆಗೆಯುವ ಬದಲು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ತನ್ನಿ. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ರೈತರ ಸ್ಕ್ಯಾನ್ ಮುಂದಿನ ತಿಂಗಳು ಒಂದು ಮಂಗಳವಾರ. ನನ್ನ ಹತ್ತಿರ ಬುಧವಾರ ಬೆಳಿಗ್ಗೆಯ ಮೊದಲ ಟೋಕನ್ ಅವರಿಗೇ ಇಡಿಸಿದ್ದೇನೆ. ರಿಪೋರ್ಟ್ ಮೊಬೈಲಿಗೆ ಬಂದರೂ ತೆರೆಯದೆ ತರುತ್ತೇವೆ ಎಂದಿದ್ದಾರೆ ಅಪ್ಪ ಮಗಳು. ಮೂವರೂ ಒಟ್ಟಿಗೇ ಕೂತು ಓದುತ್ತೇವೆ.