ಸಭೆ ಮುಗಿದ ಮೇಲೆ ಕೇಳಿಸುವ ಮಾತು

ಗಾಳಿಯಂತ್ರ, ಸೋಲಾರ್ ಪಾರ್ಕ್ ಬರಲಿರುವ ಕಡೆ ಹೋಗಿ ಜನರ ಅಭಿಪ್ರಾಯ ಕೇಳುವುದು ನನ್ನ ಕೆಲಸ. ಓದಿದ್ದು ಮನಶ್ಶಾಸ್ತ್ರ. ಆದರೆ ಜಾಸ್ತಿ ಕಲಿತದ್ದು ಸಭೆ ಮುಗಿದು ಕುರ್ಚಿ ಮಡಚುವ ಹೊತ್ತಿನಲ್ಲಿ.

ಒಂದು ಸಭೆಯಲ್ಲಿ ನಾಲ್ಕೈದು ಜನ ಎದ್ದು ಜೋರಾಗಿ ಬೇಡ ಅಂದರು. ಉಳಿದವರು ನೆಲ ನೋಡುತ್ತಾ ಕೂತಿದ್ದರು. ಆಮೇಲೆ ಬಾಗಿಲ ಹತ್ತಿರ ಒಬ್ಬರು ಮೆಲ್ಲಗೆ ಹೇಳಿದರು: "ನನ್ನದೇನೂ ತಕರಾರಿಲ್ಲ ಮೇಡಂ, ಆದರೆ ಇಲ್ಲಿ ಯಾರೂ ಒಪ್ಪಲ್ಲ." ಹೊರಗೆ ಇನ್ನೊಬ್ಬರದೂ ಅದೇ ಮಾತು. ಕಾರು ಹತ್ತುವಷ್ಟರಲ್ಲಿ ಮೂರನೆಯವರು. ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದವರು!

2024ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಮಾತಾಡಿಸಿದ್ದರು. ಭೂಮಿ ಬಿಸಿಯಾಗುವುದನ್ನು ತಡೆಯಲು ತಿಂಗಳ ಆದಾಯದಲ್ಲಿ ಶೇ. 1 ಕೊಡುತ್ತೀರಾ ಅಂದರೆ ಶೇ. 69 ಮಂದಿ ಹೂಂ ಅಂದರು. ನಿಮ್ಮ ದೇಶದಲ್ಲಿ ನೂರಕ್ಕೆ ಎಷ್ಟು ಜನ ಕೊಡಬಹುದು ಅಂದಾಗ ಬಂದ ಸರಾಸರಿ ಉತ್ತರ 43. ಪಕ್ಕದವರು ಕೊಡಲ್ಲ ಅಂದುಕೊಂಡರೆ ಮನಸ್ಸಿದ್ದವರೂ ಹಿಂಜರಿಯುತ್ತಾರೆ, ಅಲ್ವಾ?

ಹಾಗಾಗಿ ಈಗ ಸಭೆ ಶುರುವಾಗುವ ಮೊದಲೇ ಚೀಟಿ ಹಂಚುತ್ತೇನೆ. ಎರಡೇ ಪ್ರಶ್ನೆ. ನಿಮಗೆ ಒಪ್ಪಿಗೆಯಾ? ಇಲ್ಲಿ ನೂರಕ್ಕೆ ಎಷ್ಟು ಜನ ಒಪ್ಪಬಹುದು? ಹೆಸರು ಬರೆಯಬೇಕಿಲ್ಲ. ಎಣಿಸಿ, ಎಲ್ಲರ ಎದುರೇ ಬೋರ್ಡಿನ ಮೇಲೆ ಬರೆಯುತ್ತೇನೆ. ಕೆಲವು ಸಲ ಬೇಡ ಅನ್ನುವವರೇ ಜಾಸ್ತಿ. ಅದನ್ನೂ ಬರೆಯುತ್ತೇನೆ. (ಕಂಪನಿಯವರ ಮುಖ ಆಗ ನೋಡಬೇಕು.)

ಬೇಡ ಅನ್ನುವವರಿಗೆ ತಿಳಿವಳಿಕೆ ಸಾಲದು ಅಂತ ಕರಪತ್ರ ಹಂಚುವುದು ನನಗೆ ಸೇರುವುದಿಲ್ಲ. ಸದ್ದು, ಕಣ್ಣಿಗೆ ಅಡ್ಡ ಅನ್ನುವ ಅವರ ದೂರು ಸುಳ್ಳೇನಲ್ಲ. ಕೆದಕಿದರೆ ಅಡಿಯಲ್ಲಿ ಇನ್ನೊಂದಿರುತ್ತದೆ: "ಎಲ್ಲಾ ತೀರ್ಮಾನ ಮಾಡಿಕೊಂಡೇ ಬಂದಿದ್ದೀರಿ, ಈಗ ಸುಮ್ನೆ ಯಾಕೆ ಕೇಳ್ತೀರಿ?"

ತಮ್ಮದೂ ಪಾಲಿದ್ದರೆ ಮಾತೇ ಬೇರೆ. ಡೆನ್ಮಾರ್ಕಿನ ಸಾಮ್ಸೊ ದ್ವೀಪದಲ್ಲಿ 2000ದಲ್ಲಿ ನೆಲದ ಮೇಲೆ 11 ಗಾಳಿಯಂತ್ರ ನಿಂತವು. ಹೆಚ್ಚಿನವು ಅಲ್ಲಿನ ರೈತರದ್ದು, ಉಳಿದವು ಜನ ಷೇರು ಹಾಕಿ ಕೊಂಡದ್ದು. ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ ಇನ್ನೂ ಮಜವಾಗಿದೆ. ಗಾಳಿಯಂತ್ರದಿಂದ ಹಣ ಬರುತ್ತಿದ್ದವರ ಮನೆಗಳಿಗೇ ಸದ್ದು ಜಾಸ್ತಿ ಕೇಳುತ್ತಿತ್ತು. ಆದರೂ ಕಿರಿಕಿರಿ ಅಂದವರು ಅವರಲ್ಲಿ ತೀರಾ ಕಡಿಮೆ.

ಈಗ ನನ್ನನ್ನು ಕರೆಯುವ ಕಂಪನಿಗಳಿಗೆ ಒಂದು ಷರತ್ತು ಹಾಕುತ್ತೇನೆ. ಕಂಬದ ಜಾಗ ಗುರುತಿಸಿದ ನಕ್ಷೆ ಇನ್ನೂ ಪೆನ್ಸಿಲ್ಲಿನಲ್ಲಿ ಇರುವಾಗಲೇ ಕರೆಯಬೇಕು. ಒಪ್ಪುವವರು ಕಡಿಮೆ.