ಸಂಥೆಯ ಪಾಠಕ್ಕೆ ಕಂಪ್ಯೂಟರಿನ ನೆರವು

ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಯನ್ನು ಹೇಳಿಕೊಡುವ ನನ್ನನ್ನು ಇತರ ಪಾಠಶಾಲೆಗಳ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಬಾಯಿಂದ ಬಾಯಿಗೆ ಬರಬೇಕಾದ ವಿದ್ಯೆಗೆ ಕಂಪ್ಯೂಟರ್ ಏಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉಚ್ಚಾರಣೆಯ ಶಾಸ್ತ್ರಗ್ರಂಥವಾದ ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಆರು ಬಗೆಗಳನ್ನು ಎಣಿಸುವಾಗ ಬರೆದದ್ದನ್ನು ನೋಡಿ ಓದುವ ‘ಲಿಖಿತಪಾಠಕ’ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದೆ. ನಮ್ಮಲ್ಲಿಗೆ ಬಂದ ಕಂಪ್ಯೂಟರುಗಳಾದರೋ ಬಹುಮಟ್ಟಿಗೆ ಪುಸ್ತಕ ಅಚ್ಚು ಹಾಕುವುದಕ್ಕೆ, ಅಂದರೆ ಕಣ್ಣಿನ ಕೆಲಸಕ್ಕೇ ಸೀಮಿತವಾಗಿವೆ. ಅದೇ ಯಂತ್ರವನ್ನು ಕಿವಿಯ ಕೆಲಸಕ್ಕೆ ಹಚ್ಚಿದಾಗ ಅಧ್ಯಾಪಕನಿಗೆ ಸಿಗುವ ಸಹಾಯ ದೊಡ್ಡದು.

ಸಂಥೆಯಲ್ಲಿ, ಅಂದರೆ ವೇದವನ್ನು ಬಾಯಿಪಾಠ ಮಾಡಿಸುವ ಕ್ರಮದಲ್ಲಿ, ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುತ್ತಾನೆ. ರಜೆಗೆ ಊರಿಗೆ ಹೋದ ಹುಡುಗನಿಗೆ ಈ ಕ್ರಮ ತಪ್ಪಿಹೋಗುತ್ತದೆ. ಅವನಿಗೆ ಸಿಗುವ ಧ್ವನಿಮುದ್ರಿಕೆಗಳಲ್ಲಿ ಅನುವಾಕಗಳು (ವೇದಪಾಠದ ಚಿಕ್ಕ ಭಾಗಗಳು) ಒಂದೇ ಓಟದಲ್ಲಿ ಹರಿದುಹೋಗುವುದರಿಂದ ಅವನು ಬರೀ ಕೇಳುತ್ತಾ ಕೂರುತ್ತಾನೆ. ಆದ್ದರಿಂದ ನಾನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ನನ್ನ ಪಾಠವನ್ನು ಮುದ್ರಿಸಿಕೊಂಡು, ಪ್ರತಿ ವಾಕ್ಯವಾದ ಮೇಲೆ ಅದರ ಎರಡರಷ್ಟು ಅವಧಿಯ ಮೌನವನ್ನು ಸೇರಿಸುತ್ತೇನೆ. ನಾಲ್ಕು ಸೆಕೆಂಡಿನ ವಾಕ್ಯಕ್ಕೆ ಎಂಟೊಂಬತ್ತು ಸೆಕೆಂಡು ಬಿಟ್ಟರೆ ಹುಡುಗ ಎರಡು ಸಲ ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯ ಬರುತ್ತದೆ. ಪಾಠವನ್ನು ನಿಧಾನಗೊಳಿಸಬೇಕಾದಾಗ ಟೆಂಪೊ ಬದಲಿಸುವ ಸೌಲಭ್ಯವನ್ನೇ ಬಳಸಬೇಕು. ಸ್ಪೀಡ್ ಬದಲಿಸಿದರೆ ಶ್ರುತಿಯೂ ಇಳಿದುಹೋಗಿ ಮಗುವಿನ ಕಿವಿಗೆ ತಪ್ಪು ಆಧಾರ ಬೀಳುತ್ತದೆ.

ಕಡತಗಳಿಗೆ ಹೆಸರಿಡುವುದರಲ್ಲಿಯೂ ಪರಂಪರೆಯೇ ದಾರಿ ತೋರಿಸುತ್ತದೆ. ತೈತ್ತಿರೀಯ ಸಂಹಿತೆಯಲ್ಲಿ 7 ಕಾಂಡ, 44 ಪ್ರಶ್ನ, 651 ಅನುವಾಕಗಳಿದ್ದು, ಅನುವಾಕಗಳನ್ನು ಐವತ್ತೈವತ್ತು ಪದಗಳ ಪಂಚಾಶತ್ತುಗಳಾಗಿ ವಿಂಗಡಿಸಿದ್ದಾರೆ. ಒಂದು ಪಂಚಾಶತ್ತಿಗೆ ಒಂದು ಕಡತವೆಂದು ಇಟ್ಟುಕೊಂಡರೆ ರುದ್ರನ ಸ್ತುತಿಯಾದ ನಮಕದ ಮೊದಲ ಕಡತ 04-05-01-01 (ಕಾಂಡ, ಪ್ರಶ್ನ, ಅನುವಾಕ, ಪಂಚಾಶತ್ತು ಎಂಬ ಕ್ರಮದಲ್ಲಿ) ಆಗುತ್ತದೆ. ಸೊನ್ನೆಗಳನ್ನು ಬಿಡಬಾರದು, ಬಿಟ್ಟರೆ ಎಷ್ಟೋ ಫೋನುಗಳಲ್ಲಿ ಹತ್ತನೆಯ ಅನುವಾಕ ಎರಡನೆಯದಕ್ಕಿಂತ ಮೊದಲೇ ಬಂದು ಕೂರುತ್ತದೆ.

ಸ್ವರವನ್ನು ತಿದ್ದುವಾಗ ನನಗೆ ಹೆಚ್ಚು ಒದಗಿಬಂದಿರುವುದು ಪ್ರಾಟ್. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಧ್ವನಿವಿಜ್ಞಾನಿಗಳು ರೂಪಿಸಿದ ಈ ಉಚಿತ ತಂತ್ರಾಂಶವು ದನಿಯ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದೆ. ‘ನಮಸ್ತೇ ರುದ್ರ ಮನ್ಯವ’ ಎಂಬಲ್ಲಿ ‘ಮ’ ಅನುದಾತ್ತ, ‘ನ್ಯ’ ಉದಾತ್ತ, ‘ವ’ ಸ್ವರಿತ. ಅಂದರೆ ನಮ್ಮ ಪಾಠದಲ್ಲಿ ಗೆರೆ ಮೊದಲು ತಗ್ಗಿನಲ್ಲಿದ್ದು, ನಡುವೆ ಸಮಕ್ಕೆ ಬಂದು, ಕೊನೆಗೆ ಮೇಲೇರಬೇಕು. ಹುಡುಗನೊಬ್ಬ ಹಲವು ದಿನ ತಿದ್ದಿದರೂ ಕೊನೆಯ ಎರಡು ಅಕ್ಷರಗಳನ್ನು ಒಂದೇ ಮಟ್ಟದಲ್ಲಿ ಹೇಳುತ್ತಿದ್ದ; ತಾನು ಏರಿಸುತ್ತಿದ್ದೇನೆಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದ. ಅವನ ಗೆರೆಯನ್ನೂ ನನ್ನದನ್ನೂ ಒಂದರ ಕೆಳಗೊಂದು ತೋರಿಸಿದಾಗ ‘ವ’ಕಾರದ ಮೇಲೆ ಬೆರಳಿಟ್ಟು, “ಇಲ್ಲಿ ಏರೇ ಇಲ್ಲವಲ್ಲ, ಗುರುಗಳೇ” ಎಂದ. ಆ ಬಳಿಕ ಪರದೆಯನ್ನು ಮುಚ್ಚಿ ಕಣ್ಣು ಮುಚ್ಚಿಸಿಯೇ ಹೇಳಿಸಿದೆ. ಗೆರೆ ನೋಡುತ್ತಾ ಹೇಳುವ ಅಭ್ಯಾಸವಾದರೆ ಅದೂ ಲಿಖಿತಪಾಠವೇ ಆದೀತು. ಮಕ್ಕಳ ಇಂಥ ಮುದ್ರಣಗಳು ತಿದ್ದುವುದಕ್ಕಾಗಿ ಮಾತ್ರ ಇರುವುದರಿಂದ ಅವನ್ನು ಪಾಠಶಾಲೆಯ ಹೊರಗೆ ಹಂಚಬಾರದು.

ಹಾಗೆಂದು ಅಕ್ಷರದ ಕೆಲಸವನ್ನು ಪೂರ್ತಿ ಬಿಡಲಾಗುವುದಿಲ್ಲ. ಹಿಂದೊಮ್ಮೆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಸೂಕ್ತಗಳ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು ಹಾಗೆಯೇ ಅಚ್ಚಿಗೆ ಕೊಟ್ಟಿದ್ದೆ. ಅಕ್ಷರದ ಕೆಳಗೆ ಹಾಕುವ ಅನುದಾತ್ತದ ಅಡ್ಡಗೆರೆಗಳು ಒಂದೊಂದಕ್ಷರ ಪಕ್ಕಕ್ಕೆ ಸರಿದಿದ್ದುದು ಪ್ರತಿಗಳು ಮಕ್ಕಳ ಕೈ ಸೇರಿದ ಮೇಲೆಯೇ ನನ್ನ ಗಮನಕ್ಕೆ ಬಂತು. ಆ ನೋವು ಇಂದಿಗೂ ಇದೆ. ಈಗ ಯುನಿಕೋಡ್ ಬಿಟ್ಟು ಬೇರೆ ಯಾವುದರಲ್ಲೂ ಬರೆಯುವುದಿಲ್ಲ. ಅನುದಾತ್ತ, ಸ್ವರಿತಗಳಿಗೆ ಅಲ್ಲಿ ಕನ್ನಡದ ಪ್ರತ್ಯೇಕ ಚಿಹ್ನೆಗಳಿಲ್ಲದ ಕಾರಣ ದೇವನಾಗರಿಯ ವಿಭಾಗದಲ್ಲಿರುವವನ್ನೇ ಕನ್ನಡಕ್ಕೂ ಬಳಸಬೇಕು. ಕೆಲವು ಫಾಂಟುಗಳಲ್ಲಿ ಅವು ಅಕ್ಷರಕ್ಕೆ ಕೂಡಿಕೊಳ್ಳದೆ ಚುಕ್ಕಿಗಳ ವೃತ್ತವಾಗಿ ಕಾಣುವುದರಿಂದ ಒಂದು ಪುಟ ಪರೀಕ್ಷಿಸಿ ನೋಡಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು.

ಬೆರಳಚ್ಚಿನಲ್ಲಿ ಪದ ಬಿಟ್ಟುಹೋಗಿದೆಯೇ ಎಂದು ನೋಡುವುದಕ್ಕೆ ಹಿರಿಯರೇ ಲೆಕ್ಕ ಇಟ್ಟುಹೋಗಿದ್ದಾರೆ. ಸಂಹಿತೆಯ ಮೊದಲ ಅನುವಾಕ ಮುಗಿದೊಡನೆ ‘ಇಷೇ ತ್ರಿಚತ್ವಾರಿಂಶತ್’ ಎನ್ನುತ್ತೇವೆ. ‘ಇಷೇ’ ಎಂದು ಮೊದಲಾಗುವ ಈ ಅನುವಾಕದಲ್ಲಿ 43 ಪದಗಳಿವೆ ಎಂದರ್ಥ. ಸಂಧಿ ಬಿಡಿಸಿ ಪದಪದವಾಗಿ ಹೇಳುವ ಪದಪಾಠವನ್ನು ಎಕ್ಸೆಲ್‌ನಲ್ಲಿ ಸಾಲಿಗೊಂದು ಪದದಂತೆ ಬರೆದು, ಬಿಡಿಸಿ ಹೇಳುವ ಸಮಾಸಪದವನ್ನು ಒಂದೇ ಎಂದು ಎಣಿಸಿದರೆ, ಕೊನೆಯ ಸಾಲು 43ಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ತಪ್ಪಾಗಿದೆ ಎಂದೇ ತಿಳಿದು ಹುಡುಕಬೇಕು.

ಅದೇ ಹಾಳೆಯಿಂದ, ಪದಗಳನ್ನು ಹಿಂದುಮುಂದಾಗಿ ಜೋಡಿಸಿ ಹೇಳುವ ಘನಪಾಠದ ಅಭ್ಯಾಸವನ್ನೂ ಸಿದ್ಧಪಡಿಸಬಹುದು. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂಬ ಈ ಸುತ್ತಿನಲ್ಲಿ ಮೂರು ಪದಗಳು ಹದಿಮೂರಾಗುತ್ತವೆ. ಸೂತ್ರವನ್ನು ಒಮ್ಮೆ ಬರೆದುಬಿಟ್ಟರೆ ಇಡೀ ಅನುವಾಕದ ಸುತ್ತುಗಳನ್ನು ಯಂತ್ರವೇ ಜೋಡಿಸಿಕೊಡುತ್ತದೆ. ಆದರೆ ‘ಓಷಧಯಃ, ಸಂ, ವದಂತೇ’ ಎಂಬ ಪದಗಳನ್ನು ಕೊಟ್ಟರೆ ಅದು ‘ಸಂ ಓಷಧಯಃ’ ಎಂದು ಬರೆಯುತ್ತದೆಯೇ ಹೊರತು ‘ಸಮೋಷಧಯಃ’ ಎಂದು ಸಂಧಿ ಮಾಡುವುದಿಲ್ಲ, ಸಂಧಿಯಲ್ಲಿ ಬದಲಾಗುವ ಸ್ವರವೂ ಅದಕ್ಕೆ ಗೊತ್ತಾಗುವುದಿಲ್ಲ. ಆ ಪಟ್ಟಿಯನ್ನು ನಾನು ತಿದ್ದಲು ಹೋಗುವುದಿಲ್ಲ. ಹಾಗೆಯೇ ಗಟ್ಟಿಯಾಗಿ ಓದಿ, ಸಂಧಿಯನ್ನೂ ಸ್ವರವನ್ನೂ ಹುಡುಗರ ಬಾಯಿಂದಲೇ ಸರಿಪಡಿಸಿ ಹೇಳಿಸುತ್ತೇನೆ.