ಓದುಗರ ಪ್ರಶ್ನೆ: ಗಿಡ ನೆಟ್ಟ ಮರುದಿನವೇ ಡಾರ್ಟ್ ಕಪ್ಪೆ ಬಿಡಬಹುದಾ?

"ಗಾಜಿನ ತೊಟ್ಟಿಯಲ್ಲಿ ಗಿಡ ನೆಟ್ಟಾಯ್ತು, ಪಾಚಿ ಹಾಸಿದ್ದಾಯ್ತು, ನೋಡೋಕೆ ಪುಟ್ಟ ಕಾಡಿನ ಹಾಗೇ ಇದೆ. ನಾಳೆ ಕಪ್ಪೆ ತಂದು ಬಿಡಲಾ?"

ದಯವಿಟ್ಟು ಬೇಡ. ಡಾರ್ಟ್ ಕಪ್ಪೆ ಅಂದರೆ ಮಳೆಕಾಡಿನ ಬಣ್ಣಬಣ್ಣದ ಪುಟ್ಟ ಕಪ್ಪೆ. ಕಡಿಮೆ ಅಂದ್ರೂ 4 ವಾರ ಕಾಯಿರಿ, 6 ವಾರ ಆದರೆ ಇನ್ನೂ ಒಳ್ಳೆಯದು. ಗಿಡ ಬೇರು ಬಿಡಬೇಕು ಅಲ್ವಾ? ಅದಕ್ಕಿಂತ ಮುಖ್ಯವಾಗಿ, ನೆಲಕ್ಕೆ ಜೀವ ಬರಬೇಕು.

ಹೊಸ ತೊಟ್ಟಿಯಲ್ಲಿ ಕೆಲವೇ ದಿನಕ್ಕೆ ಹಸಿ ಮರದ ತುಂಡಿನ ಮೇಲೆ ಹತ್ತಿ ಎಳೆದ ಹಾಗೆ ಬಿಳಿ ಬೂಷ್ಟು ಏಳುತ್ತದೆ. ಗಾಬರಿ ಬೇಡ. ಅದನ್ನು ತಿಂದು ಮುಗಿಸೋದು ಸ್ಪ್ರಿಂಗ್‌ಟೇಲ್ ಅನ್ನೋ ಪುಟಾಣಿ ಬಿಳಿ ಹುಳ, ಎಳ್ಳಿಗಿಂತ ಚಿಕ್ಕದು. ಗಿಡ ನೆಟ್ಟ ದಿನವೇ ಇವನ್ನು ಬಿಟ್ಟುಬಿಡಿ. ಮುಂದೆ ಕಪ್ಪೆಗೂ ಇವೇ ತಿಂಡಿ, ಹಾಗಾಗಿ ಕಪ್ಪೆ ಬರೋ ಮೊದಲು ಇವು ಚೆನ್ನಾಗಿ ಮೊಟ್ಟೆಯಿಟ್ಟು ಹೆಚ್ಚಬೇಕು.

ತಳದಲ್ಲಿ ನೀರು ಬಸಿಯಲು ಹಗುರವಾದ ಸುಟ್ಟ ಮಣ್ಣಿನ ಉಂಡೆ, ಮೇಲೆ ಜಾಲರಿ, ಅದರ ಮೇಲೆ ತೆಂಗಿನ ನಾರು, ತೊಗಟೆ ಚೂರು, ಇದ್ದಿಲು ಬೆರೆಸಿದ ಮಿಶ್ರಣ. ಗೊಬ್ಬರ ಬೆರೆಸಿದ ಮಣ್ಣು ಮಾತ್ರ ಬೇಡವೇ ಬೇಡ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತೆ, ನೀರಿನ ಜೊತೆ ಅದೂ ಒಳಗೆ ಹೋಗುತ್ತೆ. ಹೊರಗಿಂದ ತಂದ ಗಿಡದ ಬೇರನ್ನೂ ಇದೇ ಕಾರಣಕ್ಕೆ ಪೂರ್ತಿ ತೊಳೆದು ನೆಡಬೇಕು.

ತುಂಬಾ ಜನ ನೆಲದ ತುಂಬಾ ಪಾಚಿ ಹಾಸುತ್ತಾರೆ. ಚೆಂದ ಕಾಣುತ್ತೆ ನಿಜ, ಆದರೆ ನನ್ನ ಮಾತು ಕೇಳಿ, ತರಗೆಲೆ ಹಾಕಿ, ಅದೂ ಧಾರಾಳವಾಗಿ! ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ಈ ಕಪ್ಪೆಗಳು ಓಡಾಡೋದು, ಬೇಟೆ ಆಡೋದು, ಅಡಗೋದು ಹೆಚ್ಚಾಗಿ ತರಗೆಲೆಯ ನಡುವೆಯೇ. ಓಕ್, ಮ್ಯಾಗ್ನೋಲಿಯಾದಂಥ ಗಟ್ಟಿ ಎಲೆ ಬೇಗ ಕೊಳೆಯೋದಿಲ್ಲ, ಅದನ್ನು ಕುದಿಸಿ ಹಾಕಿ. ಅಡಗಲು ಜಾಗ ಜಾಸ್ತಿ ಇದ್ದಷ್ಟೂ ಕಪ್ಪೆಗೆ ಧೈರ್ಯ ಜಾಸ್ತಿ, ನಿಮ್ಮ ಕಣ್ಣಿಗೂ ಜಾಸ್ತಿ ಬೀಳುತ್ತೆ.

ಗಿಡದ ವಿಷಯಕ್ಕೆ ಬಂದರೆ, ಅನಾನಸ್ ಕುಟುಂಬದ ಬ್ರೊಮೀಲಿಯಾಡ್ ಗಿಡವನ್ನು ಮಣ್ಣಲ್ಲಿ ಹೂಳಬೇಡಿ, ಬುಡ ಕೊಳೆಯುತ್ತೆ. ಕಾರ್ಕ್ ತೊಗಟೆಗೆ ಕಟ್ಟಿ. ಅದರ ಎಲೆ ಬುಡದಲ್ಲಿ ಒಂದು ಗುಟುಕು ನೀರು ನಿಲ್ಲುತ್ತಲ್ಲ, ಸ್ಟ್ರಾಬೆರಿ ಡಾರ್ಟ್ ಕಪ್ಪೆಯ ತಾಯಿ ಗೊದಮೊಟ್ಟೆಯನ್ನು ಬೆನ್ನ ಮೇಲೆ ಹೊತ್ತು ತಂದು ಬಿಡೋದು ಅಂಥ ನೀರಿಗೇ, ಆಮೇಲೆ ಮತ್ತೆ ಮತ್ತೆ ಬಂದು ಮರಿಯಾಗದ ಮೊಟ್ಟೆ ಇಟ್ಟು ಅದನ್ನೇ ಮರಿಗೆ ಊಟವಾಗಿ ಕೊಡುತ್ತಾಳೆ. ನಿಮ್ಮದು ಟಿಂಕ್ಟೋರಿಯಸ್‌ನಂಥ ದೊಡ್ಡ ಕಪ್ಪೆಯಾದರೆ ನೆಲದ ಜಾಗ ಜಾಸ್ತಿ ಬಿಡಿ, ಮೈ ಭಾರ ತಡೆಯೋ ಮನಿ ಪ್ಲಾಂಟ್ ಹಾಕಿ. ರಾನಿಟೊಮೆಯಾದಂಥ ಚಿಕ್ಕವಕ್ಕೆ ಹತ್ತೋಕೆ ಕೊಂಬೆ ಬೇಕು.

ಕಾಯೋ ದಿನಗಳಲ್ಲಿ ದೀಪ ಹಾಕಿ ಥರ್ಮಾಮೀಟರ್ ನೋಡುತ್ತಿರಿ. 22ರಿಂದ 26 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. 30 ಮುಟ್ಟಿದರೆ ಕಪ್ಪೆಯ ಪ್ರಾಣಕ್ಕೇ ಅಪಾಯ, ಅದು ಖಾಲಿ ತೊಟ್ಟಿಯಲ್ಲೇ ಗೊತ್ತಾಗಲಿ.

ಒಂದು ದಿನ ಗಿಡದಲ್ಲಿ ಹೊಸ ಎಲೆ ಸುರುಳಿ ಬಿಚ್ಚಿರುತ್ತೆ. ಆಗ ಒಂದು ತರಗೆಲೆ ಎತ್ತಿ ಮೆಲ್ಲಗೆ ಊದಿ. ಬಿಳಿ ಚುಕ್ಕೆಗಳು ಪಟಪಟ ಹಾರಿದರೆ, ಕಪ್ಪೆ ತನ್ನಿ.